ನಾಗನಾಥನ ನೆದರು ಮತ್ತು ನೀಲಿ ಹಾಲು

ನಮ್ಮ ಗಲ್ಲಿಯ ಗಿರಣಿ ನಾಗನಾಥ ಕೆಟ್ಟ ಮನುಷ್ಯನಲ್ಲ. ಅವನಿಗೆ ಇನ್ನೊಬ್ಬರದು ಸದಾ ಚೆನ್ನಾಗಿ ಕಾಣುತ್ತಿತ್ತು, ಅಷ್ಟೆ. ತನ್ನ ತಾಟಿನಲ್ಲಿ ಹೋಳಿಗೆ ಇದ್ದರೂ ಪಕ್ಕದವನ ತಾಟಿನ ಝುಣಕದ ಮೇಲೆ ಕಣ್ಣು. ತನ್ನ ಗಿರಣಿಯ ಪಟ್ಟಿ ಫಟ್ ಫಟ್ ಅಂದರೆ ಸಿಟ್ಟು; ಬಸವಕಲ್ಯಾಣದ ಇನ್ನೊಂದು ತುದಿಯಲ್ಲಿ ಬೇರೆಯವರ ಗಿರಣಿ ಅದೇ ಸದ್ದು ಮಾಡಿದರೆ "ಏನ್ ತಾಳ ಅದ ನೋಡ್ರಿ ಅದಕ್ಕ" ಎಂದು ನಿಟ್ಟುಸಿರು.

ಪಕ್ಕದ ಮನೆಯ ದತ್ತಾತ್ರಿ ಸೈಕಲ್ ಅಂಗಡಿಯವನು. ಅವನಿಗೆ ಒಮ್ಮೆ ಹೊಟ್ಟೆಯ ಆಪರೇಷನ್ ಆಗಿ ಹುಮನಾಬಾದಿನ ದವಾಖಾನೆಯಲ್ಲಿ ಮಲಗಿದ್ದ. ನಾಗನಾಥ ಬಸ್ಸು ಹತ್ತಿ ನೋಡಿಕೊಂಡು ಬಂದ. ಬಂದವನು ಮುಖ ಜೋತು ಹಾಕಿಕೊಂಡು ಕಟ್ಟೆಯ ಮೇಲೆ ಕೂತ. ಹೆಂಡತಿ ವಿದ್ಯಾವತಿಗೆ ಗಾಬರಿ.

"ಯಾಕ್ರೀ, ಭಾಳ ಸೀರಿಯಸ್ ಅದ ಏನು?"

"ಸೀರಿಯಸ್ ಎಲ್ಲೀದು! ಹಾಸಿಗಿ ಸುತ್ತ ಮಂದಿ ಏನ, ಸೇಬುಹಣ್ಣ ಏನ, ನರ್ಸಬಾಯಿ ತಾಸಿಗೊಮ್ಮೆ ಬಂದು ಹ್ಯಾಂಗಿದ್ದೀರಿ ಅಂತ ಕೇಳೂದೇನ! ನಮಗ ಯಾವಾಗ ಬರಬೇಕು ಇಂಥಾ ರೋಗ?"

ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಎದುರು ಮನೆಯವನು ನಾನು. ಈ ಗಲ್ಲಿಯ ಇತಿಹಾಸಕ್ಕೆ ಸಾಕ್ಷಿ ಬೇಕಾದಾಗಲೆಲ್ಲ ನನ್ನ ಕಿಟಕಿಯೇ ಗತಿ.

ಇಬ್ಬರ ಹಿತ್ತಲಿಗೂ ನಡುವೆ ಸೊಂಟದೆತ್ತರದ ಒಂದು ಗೋಡೆ. ಗೋಡೆಯ ಈಚೆ ನಾಗನಾಥನ ಎಮ್ಮೆ. ವಿದ್ಯಾವತಿ ಅದನ್ನು ತವರೂರು ಕೊಡಂಬಲದಿಂದ ಕರುವಾಗಿದ್ದಾಗ ತಂದು ಸಾಕಿದ್ದಳು. ಅದು ಅಂಬೆಂದರೆ ಅವಳಿಗೆ ಅವ್ವ ಕರೆದ ಹಾಗೆ. ಗೋಡೆಯ ಆಚೆ ದತ್ತಾತ್ರಿಯ ಎಮ್ಮೆ, ಮುರ್ರಾ ತಳಿಯದು, ಕೋಡು ಸುರುಳಿ ಸುರುಳಿ. ನಾಗನಾಥ ಆ ಕೋಡನ್ನು ನೋಡಿ ನೋಡಿ, ತನ್ನ ಎಮ್ಮೆಯ ನೆಟ್ಟನೆಯ ಕೋಡನ್ನು ಕೈಯಿಂದ ತಿರುಚಲು ಹೋಗಿ ಒದೆ ತಿಂದದ್ದೂ ಉಂಟು.

ತೊಂಬತ್ತೆಂಟರ ಚಳಿಗಾಲದವರೆಗೆ ಇದೆಲ್ಲ ಮನೆಯ ಮಟ್ಟಿಗೇ ಇತ್ತು. ಆಮೇಲೆ ನೀಲಿ ಔಷಧ ಬಂತು.

ಗಲ್ಲಿಯ ಹಾಲೆಲ್ಲ ಸಂಗಪ್ಪನ ಪಡಸಾಲೆಗೆ ಬಂದು ಬೀಳುತ್ತಿತ್ತು. ಸಂಗಪ್ಪ ಹಾಲಿನ ಸಂಘದ ಸೆಕ್ರೆಟರಿ. ಕ್ಯಾನುಗಳು ಅಲ್ಲಿಂದ ಟೆಂಪೋ ಹತ್ತಿ ಹುಮನಾಬಾದಿಗೆ ಹೋಗಿ, ತಣ್ಣಗಾಗಿ, ಮತ್ತೆ ಊರ ಮಂದಿಯ ಚಹಾಕ್ಕೆ ಬರುತ್ತಿದ್ದವು. ಒಲೆಯ ಮೇಲಿಟ್ಟರೆ ಹಾಲು ಒಡೆಯುತ್ತದೆ ಎಂದು ಮಂದಿ ತಕರಾರು ಮಾಡಿದ್ದರಿಂದ, ಹಾಲು ಪರೀಕ್ಷೆ ಮಾಡುವ ಸತೀಶಕುಮಾರ ಸಾಹೇಬರು ಹುಮನಾಬಾದಿನಿಂದ ಒಂದು ಕಟ್ಟಿಗೆಯ ಪೆಟ್ಟಿಗೆ ಹೊತ್ತು ಬಂದರು. ಪೆಟ್ಟಿಗೆಯಲ್ಲಿ ಗಾಜಿನ ನಳಿಗೆ, ರಬ್ಬರಿನ ಬಿರಡೆ, ಒಂದು ಬಾಟಲಿ ನೀಲಿ ಔಷಧ.

"ಹಾಲಿನಾಗ ಕಣ್ಣಿಗೆ ಕಾಣದ ಕ್ರಿಮಿ ಇರ್ತಾವ್ರಿ" ಎಂದು ಸಾಹೇಬರು ಎಲ್ಲರನ್ನೂ ಕೂಡಿಸಿ ತಿಳಿಸಿದರು. "ಹಾಲಿಗೆ ಈ ಔಷಧ ಹಾಕಿ, ಉಗುರುಬೆಚ್ಚ ನೀರಿನಾಗ ಇಡ್ತೀವಿ. ಕ್ರಿಮಿ ಭಾಳ ಇದ್ರ ನೀಲಿ ಬಣ್ಣ ಲಗೂನ ಹೋಗಿ ಹಾಲು ಬೆಳ್ಳಗಾಗ್ತದ. ನೀಲಿ ಎಷ್ಟ ತಾಸು ನಿಲ್ತದೋ ಹಾಲು ಅಷ್ಟ ಶುದ್ಧ."

ಅಷ್ಟಕ್ಕೇ ಬಿಡಲಿಲ್ಲ. ಹಾಲು ಕರೆಯುವ ಚರಿಗೆಯನ್ನು ಕುದಿಯುವ ನೀರಿನಲ್ಲಿ ತೊಳೆಯಬೇಕು, ಕೆಚ್ಚಲು ಒರೆಸಬೇಕು, ಕೈ ತೊಳೆಯಬೇಕು, ದಿನಾ ಒಗೆದ ಬಟ್ಟೆ ಮುಚ್ಚಬೇಕು, ಕರೆದ ಹಾಲನ್ನು ದಾರಿಯಲ್ಲಿ ಹರಟೆ ಹೊಡೆಯದೆ ತರಬೇಕು ಎಂದು ಬಹಳ ಹೊತ್ತು ಹೇಳಿದರು. ಗಲ್ಲಿಯವರು ಕೈಕಟ್ಟಿ ಕೇಳಿದರು. ಸ್ವಚ್ಛತೆಯ ಭಾಷಣಕ್ಕೆ ನಮ್ಮ ಗಲ್ಲಿಯಷ್ಟು ಮರ್ಯಾದೆ ಕೊಡುವವರು ಬೀದರ ಜಿಲ್ಲೆಯಲ್ಲೇ ಇಲ್ಲ. ಕೇಳುತ್ತಾರೆ, ತಲೆದೂಗುತ್ತಾರೆ, ಮನೆಗೆ ಹೋಗಿ ಚರಿಗೆಯನ್ನು ತಣ್ಣೀರಲ್ಲಿ ಅಲ್ಲಾಡಿಸುತ್ತಾರೆ.

ಭಾಷಣದ ಹೊತ್ತಿಗೆ ನಾಗನಾಥ ಗಿರಣಿಯಲ್ಲಿದ್ದ. ತಡವಾಗಿ, ಮೈತುಂಬ ಹಿಟ್ಟು ಮೆತ್ತಿಕೊಂಡು ಓಡಿಬಂದ. ನಳಿಗೆಗಳು ಸಾಲಾಗಿ ನಿಂತಿದ್ದವು. ಎಲ್ಲವೂ ನೀಲಿ. ಮುಕ್ಕಾಲು ತಾಸಾಗುತ್ತಲೇ ಒಂದು ಬೆಳ್ಳಗಾಯಿತು. ಅದರ ಮೇಲೆ ನಾಗನಾಥನ ಹೆಸರು.

"ನಂದೇ ಮೊದಲು!" ಎಂದು ಅವನು ಕೂಗಿದ ಕೂಗಿಗೆ ಸಂಗಪ್ಪನ ಮನೆಯ ಪಾರಿವಾಳಗಳು ಹಾರಿದವು. "ವಿದ್ಯಾವತಿ, ಪೇಡಾ ತರಸು! ದತ್ತಾತ್ರೀದು ನೋಡು, ಇನ್ನೂ ಹಾಂಗೇ ನೀಲಿ ಬಿದ್ದದ!"

ದತ್ತಾತ್ರಿಯ ಹಾಲು ಮೂರು ತಾಸು ನೀಲಿಯಾಗಿಯೇ ನಿಂತಿತು. ಸಾಹೇಬರು ಮತ್ತೊಮ್ಮೆ ವಿವರಿಸುವಷ್ಟರಲ್ಲಿ ನಾಗನಾಥ ಅರ್ಧ ಗಲ್ಲಿಗೆ ಪೇಡಾ ಹಂಚಿ ಆಗಿತ್ತು. ಉಳಿದ ಅರ್ಧ ಗಲ್ಲಿ ನಮಗೂ ಬರಲಿ ಎಂದು ಬಾಯಿ ಮುಚ್ಚಿಕೊಂಡು ಕೂತಿತ್ತು. ನಾನೂ ಆ ಅರ್ಧದಲ್ಲೇ ಇದ್ದೆ.

ಆ ದಿನದಿಂದ ನಮ್ಮ ಗಲ್ಲಿಯಲ್ಲಿ ಮನುಷ್ಯರನ್ನು ತಾಸಿನಲ್ಲಿ ಅಳೆಯುವ ರೂಢಿ ಬಂತು. ನಳದ ಹತ್ತಿರ ಕೊಡ ತಾಕಿದರೆ "ಒಂದು ತಾಸಿನ ಹಾಲಿನಾಕಿ ನನಗ ಬುದ್ಧಿ ಹೇಳ್ತಾಳ!" ಎಂಬ ಜಗಳ. ಮುಡಬಿಯಿಂದ ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳಲಿಲ್ಲ. ನಿಮ್ಮ ಮನೆ ಹಾಲು ಎಷ್ಟು ತಾಸಿನದು ಎಂದು ಕೇಳಿದರು. ದತ್ತಾತ್ರಿ ಮೂರು ತಾಸಿನವನಾದ. ಅವನ ಹೆಂಡತಿ ಕಮಳಾಬಾಯಿ ನಡೆಯುವ ರೀತಿಯೇ ಬದಲಾಯಿತು. ನಾಗನಾಥ ಮಾತ್ರ ಮುಕ್ಕಾಲು.

ಹೊಟ್ಟೆಕಿಚ್ಚು ಅವನಿಗೆ ಹೊಸದಲ್ಲ, ಆದರೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಬಂದದ್ದು ಇದೇ ಮೊದಲು. ಬೆಳಿಗ್ಗೆ ಕಮಳಾಬಾಯಿ ಹಾಲು ಕರೆಯಲು ಕೂತರೆ ಸಾಕು, ಗೋಡೆಯ ಮೇಲೆ ಎರಡು ಮೊಣಕೈ, ಮೊಣಕೈಗಳ ನಡುವೆ ನಾಗನಾಥನ ಮುಖ, ಮುಖದಲ್ಲಿ ಎರಡು ಕಣ್ಣು.

"ನಾಗಣ್ಣಾ, ಏನ ಮಾಡಾಕತ್ತೀರಿ ಅಲ್ಲಿ?"

"ಏನಿಲ್ಲ ವೈನಿ, ಸುಮ್ಮ ನೋಡಾಕತ್ತೇನಿ. ಎಷ್ಟ ಛಂದ ನೊರಿ ಬರ್ತದ ನಿಮ್ಮ ಚರಿಗ್ಯಾಗ! ನಮ್ಮ ಚರಿಗ್ಯಾಗ ನೊರಿ ಸತ್ತೇ ಹುಟ್ತದ."

ಹೀಗೆಂದು ಬಿಡುವ ಅವನ ನಿಟ್ಟುಸಿರು ಗೋಡೆ ದಾಟಿ ಬಂದು ಕಮಳಾಬಾಯಿಯ ಸೆರಗನ್ನು ಅಲ್ಲಾಡಿಸುತ್ತಿತ್ತಂತೆ. ಅವಳು ಸೀದಾ ದಿಲ್ಶಾದ್ ಬೇಗಂ ಹತ್ತಿರ ಓಡಿದಳು. ಬೇಗಂ ಖಾಲಾ ಎಂದರೆ ನೆದರು ತೆಗೆಯುವುದರಲ್ಲಿ ಗಲ್ಲಿಗೆಲ್ಲ ಹಿರಿಯರು. ಯಾವ ಮನೆಯ ಕೂಸಿಗೆ ಯಾರ ಕಣ್ಣು ಬಿದ್ದರೂ, ದೇವರು ಯಾವುದೆಂದು ಕೇಳದೆ ಎಲ್ಲರ ಮೆಣಸಿನಕಾಯಿ ಸುಡುತ್ತಿದ್ದರು. ಕಮಳಾಬಾಯಿ ತಂದ ಮೆಣಸಿನಕಾಯಿ ಕೆಂಡದ ಮೇಲೆ ಬಿದ್ದು ಘಾಟು ಎದ್ದಿತು. ಖಾಲಾ ಕೆಮ್ಮುತ್ತಲೇ ತೀರ್ಪು ಕೊಟ್ಟರು.

"ಅರೆ ಅಲ್ಲಾ! ಇದು ನಜರ್ ಅಲ್ಲ ಬೇಟಿ, ಬಂದೂಕು! ಈ ನಾಗನಾಥ ಮೊನ್ನಿ ಕಬ್ಬಿನ ಹಾಲಿನ ಗಾಡಿ ನೋಡಿ 'ಏನ್ ಧಂದಾ ಅದ' ಅಂದ, ಗಾಡಿ ಗಾಲಿ ಕಳಚ್ತು. ನನ್ನ ಗ್ವಾಡಿಗೆ ಸುಣ್ಣ ಹಚ್ಚಿದಾಗ ಹೊಗಳಿದ, ಸುಣ್ಣ ಉದುರ್ತು. ಇಂಥಾ ಕಣ್ಣು ಹಾಲಿನ ಮ್ಯಾಲ ಬಿದ್ರ ಉಳೀತದೇನು?"

ಆಮೇಲೆ ಪರಿಹಾರ ಹೇಳಿದರು. ಚರಿಗೆಯನ್ನು ಉಪ್ಪು, ಬೇವಿನೆಲೆ ಹಾಕಿ ಕುದಿಸಿದ ನೀರಿನಿಂದ ತೊಳೆಯಬೇಕು. ನೆದರು ಲೋಹಕ್ಕೆ ಅಂಟಿರುತ್ತದೆ. ಕೆಚ್ಚಲನ್ನೂ ಕೈಯನ್ನೂ ಬಿಸಿ ಉಪ್ಪುನೀರಿನಿಂದ ಒರೆಸಬೇಕು. ಚರಿಗೆಯ ಬಾಯಿಗೆ ದಿನಾ ಒಗೆದ ಬಟ್ಟೆ ಕಟ್ಟಬೇಕು, ಏಕೆಂದರೆ ನಿನ್ನಿನ ಬಟ್ಟೆಯಲ್ಲಿ ನಿನ್ನಿನ ಕಣ್ಣು ಇರುತ್ತದೆ. ಕರೆದ ಮೇಲೆ ಎಲ್ಲೂ ನಿಲ್ಲದೆ ಸಂಗಪ್ಪನ ಮನೆಗೆ ಹೋಗಬೇಕು. ನಿಂತರೆ ನಾಗನಾಥ ಸಿಗುತ್ತಾನೆ.

ಸಾಹೇಬರು ಬೊಬ್ಬೆ ಹೊಡೆದರೂ ಆಗದ ಕೆಲಸ ಒಂದು ವಾರದಲ್ಲಿ ಆಯಿತು. ಮನೆಮನೆಯಲ್ಲಿ ಬೇವಿನ ನೀರು ಕುದಿಯತೊಡಗಿತು. ನಾಗನಾಥ ಗಲ್ಲಿಯಲ್ಲಿ ಕಾಣಿಸಿದರೆ ಚರಿಗೆಗಳ ಮೇಲೆ ಬಟ್ಟೆ ಬಿಗಿಯಾಗುತ್ತಿತ್ತು, ಹೆಂಗಸರ ಹೆಜ್ಜೆ ಜೋರಾಗುತ್ತಿತ್ತು. ಮುಂದಿನ ಪರೀಕ್ಷೆಯಲ್ಲಿ ದತ್ತಾತ್ರಿಯ ಹಾಲು ಐದು ತಾಸು ನಿಂತಿತು. ಒಂದು ತಾಸಿನವರು ಮೂರಕ್ಕೆ, ಎರಡು ತಾಸಿನವರು ನಾಲ್ಕಕ್ಕೆ ಏರಿದರು. ಸತೀಶಕುಮಾರ ಸಾಹೇಬರು ಎಲ್ಲ ತಮ್ಮ ಭಾಷಣದ ಫಲವೆಂದು ತಿಳಿದು, ಎದೆಯುಬ್ಬಿಸಿ ಇನ್ನೊಂದು ಭಾಷಣ ಮಾಡಿದರು. ಪಾಪ.

ಬೇವಿನ ನೀರು ಕುದಿಯದೆ ಉಳಿದದ್ದು ಒಂದೇ ಮನೆ. "ಮನಿ ಯಜಮಾನನ ನಜರ್ ಮನಿಗೆ ತಗಲೂದಿಲ್ಲ" ಎಂದು ಖಾಲಾ ಹೇಳಿದ್ದರಿಂದ ವಿದ್ಯಾವತಿಗೆ ಆ ಉಸಾಬರಿಯೇ ಬೇಕಿರಲಿಲ್ಲ. ಅವಳ ಹಾಲು ಮುಕ್ಕಾಲು ತಾಸಿನಲ್ಲಿ ಬೆಳ್ಳಗಾಗುತ್ತಲೇ ಇತ್ತು. ದತ್ತಾತ್ರಿಯ ತಾಸು ಏರಿದಂತೆಲ್ಲ ನಾಗನಾಥ ಗೋಡೆಗೆ ಇನ್ನಷ್ಟು ಅಂಟಿಕೊಂಡ. ಅವನು ಅಂಟಿಕೊಂಡಂತೆಲ್ಲ ಕಮಳಾಬಾಯಿ ನೀರನ್ನು ಇನ್ನಷ್ಟು ಕುದಿಸಿದಳು.

ಬೇಸಿಗೆ ಬಂತು. ಒಂದು ದಿನ ನಾಗನಾಥ ಸಂಗಪ್ಪನ ಪಡಸಾಲೆಯಲ್ಲಿ ತುಂಬಿದ ಕ್ಯಾನಿನೊಳಗೆ ಬಗ್ಗಿ ನೋಡಿ, "ಆಹಾ, ಎಲ್ಲಾರದೂ ಹಾಲು ಕೂಡಿ ಹ್ಯಾಂಗ ಹೊಳೀತದ!" ಎಂದ. ಟೆಂಪೋ ಹೊರಟಿತು. ಬಂಗ್ಲಾ ಕ್ರಾಸಿನಲ್ಲಿ ಅದರ ಟೈರು ಢಂ ಎಂದಿತು. ಸುಡುವ ಬಿಸಿಲಲ್ಲಿ ಮಧ್ಯಾಹ್ನದವರೆಗೆ ನಿಂತ ಟೆಂಪೋದಲ್ಲಿ ಗಲ್ಲಿಯ ಹಾಲೆಲ್ಲ ಒಡೆದು, ಹುಮನಾಬಾದಿಗೆ ಮುಟ್ಟಿದಾಗ ಕ್ಯಾನಿನಲ್ಲಿ ನೀರು ಬೇರೆ ಗಟ್ಟಿ ಬೇರೆ ಆಗಿತ್ತು.

ಸಂಜೆ ಸಂಗಪ್ಪನ ಪಡಸಾಲೆಯಲ್ಲಿ ಸಭೆ. ನಾಗನಾಥನನ್ನು ನಡುವೆ ಕೂಡಿಸಿ, ಅವನ ಮುಖ ಗೋಡೆಗೆ ಮಾಡಿದ್ದರು, ಯಾರ ಮೇಲೂ ಕಣ್ಣು ಬೀಳಬಾರದೆಂದು.

"ಟೈರು ಯಾಕ ಒಡೀತು ನಾಗಣ್ಣಾ?" ಸಂಗಪ್ಪ ಕೇಳಿದ.

"ಹಳೇ ಟೈರು ಇತ್ತು, ಒಡೀತು" ಎಂದ ನಾಗನಾಥ ಗೋಡೆಗೆ.

"ಹಳೇ ಟೈರು ನಿನ್ನಿ ಯಾಕ ಒಡೀಲಿಲ್ಲ? ಮೊನ್ನಿ ಯಾಕ ಒಡೀಲಿಲ್ಲ? ನೀನು ಬಗ್ಗಿ ನೋಡಿದ ದಿನಾನೇ ಯಾಕ ಒಡೀತು?"

ಮುಂದಿನ ವಾರದಿಂದ ನಾಗನಾಥನ ಮನೆಯ ಹಾಲು ಸಂಘಕ್ಕೆ ಬೇಡ, ಹಾಲಿನ ಹೊತ್ತಿನಲ್ಲಿ ಅವನು ಗಲ್ಲಿಗೆ ಇಳಿಯಬಾರದು ಎಂದು ಸಂಗಪ್ಪ ಹೇಳುತ್ತಿದ್ದಂತೆ ವಿದ್ಯಾವತಿ ಎದ್ದು ನಿಂತಳು. ಗಂಡನ ಗುಣ ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಗಂಡನನ್ನು ಬಯ್ಯುವ ಹಕ್ಕನ್ನು ಅವಳು ಗಲ್ಲಿಗೆ ಬಿಟ್ಟುಕೊಟ್ಟಿರಲಿಲ್ಲ.

"ಸಂಗಪ್ಪ ಕಾಕಾ, ಹಾಲು ಹಾಕದಿದ್ರ ನಾನು ಎಮ್ಮಿ ಇಟಗೊಂಡು ಏನ ಮಾಡ್ಲಿ? ಹಾಲಿನ ಖರೆಖೋಟೆ ನೋಡ್ಲಿಕ್ಕೆ ನೀಲಿ ಔಷಧ ಅದ ಅಲ್ಲ? ನಮ್ಮನಿಯವರ ನೆದರೂ ಅದರಾಗೇ ನೋಡ್ರಿ. ಅವರ ಕಣ್ಣಾಗ ವಿಷ ಅದ ಅಂತ ಆದ್ರ, ಎಮ್ಮಿ ಹೊಡಕೊಂಡು ನಾನೇ ಕೊಡಂಬಲಕ್ಕ ಹೋಗ್ತೀನಿ. ಇವರು ಇಲ್ಲೇ ಗ್ವಾಡಿ ನೋಡ್ಕೋತ ಕೂಡ್ಲಿ. ಇಲ್ಲಂತ ಆದ್ರ ಒಬ್ಬರೂ ತುಟಿ ಬಿಚ್ಚಬಾರ್ದು!"

ನಾಗನಾಥ ಗೋಡೆಯ ಕಡೆಯಿಂದ ತಿರುಗಿಬಿಟ್ಟ. ಅವನ ಮುಖದಲ್ಲಿ ಅಂದು ಹೊಟ್ಟೆಕಿಚ್ಚು ಇರಲಿಲ್ಲ, ಶುದ್ಧ ಭಯ ಇತ್ತು. ಎಮ್ಮೆ ಹೋದರೆ ಹೆಂಡತಿಯೂ ಹೋದ ಹಾಗೆ. ರೊಟ್ಟಿ ಬಡಿಯಲು ಅವನಿಗೆ ಬರುತ್ತಿರಲಿಲ್ಲ, ಜೊತೆಗೆ ವಿದ್ಯಾವತಿ ಇಲ್ಲದೆ ಆ ಮನೆಯಲ್ಲಿ ಅವನು ಒಂದು ದಿನವೂ ಇದ್ದವನಲ್ಲ.

ಸತೀಶಕುಮಾರ ಸಾಹೇಬರು ಬಂದಾಗ ವಿಷಯ ತಿಳಿದು ಕುರ್ಚಿಯಲ್ಲಿ ಕುಸಿದರು. "ನೆದರಿನ ಪರೀಕ್ಷಾ ನಮ್ಮ ಪುಸ್ತಕದಾಗ ಇಲ್ಲರೀ. ನೀರು ಬೆರಸಿದ್ದು ಹೇಳ್ತೀನಿ, ಕ್ರಿಮಿ ಹೇಳ್ತೀನಿ. ಹೊಟ್ಟಿಕಿಚ್ಚಿಗೆ ನಳಿಗಿ ಎಲ್ಲಿಂದ ತರ್ಲಿ?"

"ನಳಿಗಿ ಅದೇ ಇರ್ಲಿ ಸಾಹೇಬ್ರ. ನಾಳೆ ನಾಗನಾಥನ್ನ ಗಿರಣ್ಯಾಗ ಹಾಕಿ ಕೀಲಿ ಹಾಕ್ತೀವಿ. ನೆದರಿಲ್ಲದ ದತ್ತಾತ್ರಿ ಹಾಲು ನೋಡ್ರಿ. ನಾಡದು ಅವನನ್ನ ಎಮ್ಮಿ ಮುಂದೇ ಕೂಡಸ್ತೀವಿ. ನೆದರು ಬಿದ್ದ ಹಾಲು ನೋಡ್ರಿ. ಎರಡಕ್ಕೂ ಫರಕು ನೀವೇ ಹೇಳ್ರಿ" ಎಂದ ಸಂಗಪ್ಪ. ಎಮ್ಮೆ ಒಂದೇ, ಕರೆಯುವವಳು ಒಬ್ಬಳೇ. ಸಾಹೇಬರಿಗೆ ಇಲ್ಲವೆನ್ನಲು ಕಾರಣ ಸಿಗಲಿಲ್ಲ.

ಸೋಮವಾರ ಬೆಳಿಗ್ಗೆ ನಾಗನಾಥನನ್ನು ಗಿರಣಿಯಲ್ಲಿ ಕೂಡಿಹಾಕಲಾಯಿತು. ಗಲ್ಲಿಗೆ ಗಲ್ಲಿಯೇ ಹಗುರಾಯಿತು. ಕಮಳಾಬಾಯಿ ಎಷ್ಟೋ ತಿಂಗಳ ಮೇಲೆ ನಿರಾಳವಾಗಿ ಹಾಲು ಕರೆದಳು. ಹೆದರಿಕೆಯೇ ಇಲ್ಲದ ಮೇಲೆ ಬೇವಿನ ನೀರು ಯಾಕೆ? ಕೆಚ್ಚಲು ಒರೆಸುವುದು ಯಾಕೆ? ಚರಿಗೆಯನ್ನು ತಣ್ಣೀರಲ್ಲಿ ಅಲ್ಲಾಡಿಸಿದಳು, ಮೂಲೆಯಲ್ಲಿದ್ದ ಒಂದು ಬಟ್ಟೆ ಹೊದಿಸಿದಳು, ದಾರಿಯಲ್ಲಿ ನನ್ನ ಹೆಂಡತಿಯ ಜೊತೆ ನಿಂತು ಹೊಸ ಕುಬಸದ ತೋಳಿನ ಬಗ್ಗೆ ಮಾತಾಡಿದಳು. ಬಹಳ ವಿವರವಾಗಿ ಮಾತಾಡಿದಳು.

ಹಾಲು ಒಂದೂವರೆ ತಾಸಿಗೆ ಬೆಳ್ಳಗಾಯಿತು.

ದತ್ತಾತ್ರಿ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದ, ಅಲ್ಲಾಡಿಸಿದ, ಊದಿದ. ಕಡೆಗೆ ಸಂಗಪ್ಪ, "ಗಿರಣಿ ಕಿಡಕ್ಯಾಗಿಂದ ನೋಡಿರಬೇಕು" ಎಂದ. ಗಿರಣಿಗೆ ಕಿಟಕಿ ಇರಲಿಲ್ಲ.

ಮಂಗಳವಾರ ಗಲ್ಲಿಯ ಜನವೆಲ್ಲ ದತ್ತಾತ್ರಿಯ ಹಿತ್ತಲಲ್ಲಿ. ನಾಗನಾಥನನ್ನು ಎಮ್ಮೆಯ ಹತ್ತಿರವೇ ಕೂಡಿಸುತ್ತಾರೆಂದು ಹೆದರಿ ಕಮಳಾಬಾಯಿ ನಸುಕಿನಲ್ಲೇ ಎದ್ದು ಎರಡು ಹಂಡೆ ಬೇವಿನ ನೀರು ಕುದಿಸಿದ್ದಳು. ಚರಿಗೆಯನ್ನು ಒಳಗೆ ಹೊರಗೆ ಸುಟ್ಟ ಹಾಗೆ ತೊಳೆದಿದ್ದಳು, ಎಮ್ಮೆಗೆ ಸ್ನಾನವನ್ನೇ ಮಾಡಿಸಿದ್ದಳು, ಪೆಟ್ಟಿಗೆಯಿಂದ ಮಡಿ ಧೋತರ ತೆಗೆದು ಚರಿಗೆಯ ಬಾಯಿಗೆ ಎರಡು ಮಡಿಕೆ ಕಟ್ಟಿದ್ದಳು. ನೆದರು ನಿಜವಾಗಿ ಬೀಳುತ್ತಿದೆಯೋ ಇಲ್ಲವೋ ಹೇಳಲು ದಿಲ್ಶಾದ್ ಬೇಗಂ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ನಾಗನಾಥ ಅಂದು ಮೈಯೆಲ್ಲ ವಿಭೂತಿ ಹಚ್ಚಿಕೊಂಡು ಬಂದಿದ್ದ. ಹೆಂಡತಿ, ಎಮ್ಮೆ ಎರಡೂ ಉಳಿಯಬೇಕಾದರೆ ಹೊಟ್ಟೆಕಿಚ್ಚು ಪಡಬಾರದು. ಅವನು ಆ ಮುರ್ರಾ ಎಮ್ಮೆಯನ್ನು ಸ್ವಂತ ಅಕ್ಕನನ್ನು ನೋಡುವಂತೆ ನೋಡತೊಡಗಿದ.

"ನಕ್ಕೋ, ನಕ್ಕೋ!" ಖಾಲಾ ಕೈಯೆತ್ತಿದರು. "ಇದು ಬರೇ ನೋಡೂದು. ಇದರಾಗ ಜಲನ್ ಇಲ್ಲ. ಸರಿಯಾಗಿ ಉರಿ ಬೇಟಾ, ಮೋಸ ಮಾಡಬ್ಯಾಡ."

"ಉರೀಲಾರೆ ಖಾಲಾ. ಇವತ್ತ ನನಗ ಎಲ್ಲಾರೂ ಒಂದೇ."

ಸಂಗಪ್ಪ ಬಾಗಿ ಅವನ ಕಿವಿಯಲ್ಲಿ, "ಎಮ್ಮಿ ಕೋಡು ನೋಡು, ಜಿಲೇಬಿ ಹಾಂಗ ಅವ" ಎಂದ. ನಾಗನಾಥ ಕಣ್ಣು ಮುಚ್ಚಿ ಶಿವನಾಮ ಹೇಳಿದ. "ದವಾಖಾನಿ ನೆನಪ ಅದ ಏನು? ಸೇಬುಹಣ್ಣು?" ನಾಗನಾಥ ಶಿವನಾಮವನ್ನು ಇನ್ನಷ್ಟು ಜೋರಾಗಿ ಹೇಳಿ ಗೆದ್ದ. ವಿದ್ಯಾವತಿ ಗೋಡೆಯ ಆಚೆಯಿಂದ ಸೆರಗಿನ ತುದಿ ಕಚ್ಚಿಕೊಂಡು ನೋಡುತ್ತಿದ್ದಳು.

ಅಷ್ಟರಲ್ಲಿ ಕಮಳಾಬಾಯಿ ಕರೆಯುತ್ತಲೇ ಗಂಡನಿಗೆ, "ರೀ, ಇವತ್ತ ಮಧ್ಯಾನಕ ಆ ಫ್ರಿಜ್ ತರೂ ಮಂದಿ ಬರ್ತಾರಂತ, ಮನ್ಯಾಗೇ ಇರ್ರಿ" ಎಂದಳು.

"ಫ್ರಿಜ್?" ನಾಗನಾಥನ ಕಣ್ಣು ತಾವಾಗಿಯೇ ತೆರೆದವು.

"ಲಾಲ್ ಬಣ್ಣದ್ದು" ಎಂದ ದತ್ತಾತ್ರಿ, ತಡೆಯಲಾರದೆ.

"ಹಾಂ! ಈಗ ಬಂತು! ನೋಡ್ರಿ, ನೋಡ್ರಿ!" ಖಾಲಾ ಕುರ್ಚಿಯಿಂದ ಎದ್ದೇಬಿಟ್ಟರು. ನಿಜ, ಅಂಥ ಉರಿಯನ್ನು ನಾನೂ ಕಂಡಿರಲಿಲ್ಲ. ನಾಗನಾಥನ ಕಿವಿ ಕೆಂಪಾದವು, ವಿಭೂತಿಯ ಮೇಲೆ ಬೆವರು ಗೆರೆ ಗೆರೆಯಾಗಿ ಇಳಿಯಿತು, ಕಣ್ಣು ಎಮ್ಮೆಯಿಂದ ಚರಿಗೆಗೆ, ಚರಿಗೆಯಿಂದ ಕಮಳಾಬಾಯಿಗೆ, ಅಲ್ಲಿಂದ ಫ್ರಿಜ್ಜು ಇಡಬಹುದಾದ ಮೂಲೆಗೆ ತಿರುಗಿತು. ಕಮಳಾಬಾಯಿ ಚರಿಗೆ ಎತ್ತಿಕೊಂಡು ಓಡಿದ ಓಟಕ್ಕೆ ಹಾಲು ತುಳುಕಲು ಕೂಡ ಹೊತ್ತು ಸಿಗಲಿಲ್ಲ. ಗೋಡೆಯ ಆಚೆ ವಿದ್ಯಾವತಿ ಎಮ್ಮೆಯ ಕೊರಳಿಗೆ ಹಗ್ಗ ಹಾಕತೊಡಗಿದಳು.

ನಳಿಗೆಯನ್ನು ಬೆಚ್ಚನೆ ನೀರಿನಲ್ಲಿಟ್ಟರು. ಒಂದು ತಾಸು: ನೀಲಿ. ಎರಡು ತಾಸು: ನೀಲಿ. ಮೂರಾಯಿತು, ಊಟದ ಹೊತ್ತಾಯಿತು. ನಾಗನಾಥ ತನ್ನ ಕಟ್ಟೆಯ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದ, ವಿದ್ಯಾವತಿ ಹಗ್ಗ ಹಿಡಿದು ಪಕ್ಕದಲ್ಲಿ ನಿಂತಿದ್ದಳು, ಎಮ್ಮೆ ಕಣಿಕೆ ತಿನ್ನುತ್ತಿತ್ತು. ಆರು ತಾಸಾಯಿತು. ನಳಿಗೆ ಬೆಳಿಗ್ಗೆಯಂತೆಯೇ ನೀಲಿಯಾಗಿ ನಿಂತಿತ್ತು. ಅಷ್ಟು ಹೊತ್ತು ನಿಂತ ಹಾಲು ಈ ಗಲ್ಲಿಯಲ್ಲಿ ಹಿಂದೆ ಇರಲಿಲ್ಲ.

ಸಾಹೇಬರು ತಲೆ ತುರಿಸಿಕೊಂಡು ಕಮಳಾಬಾಯಿಯನ್ನು ಕೇಳಿದರು. ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡಿದಿರಿ? ಅವಳು ಎಲ್ಲ ಹೇಳಿದಳು. ಸಾಹೇಬರ ಮುಖ ಬೆಳಗಿತು. "ಇದೇ ನೋಡ್ರಿ! ನೆದರಿಗೂ ಇದಕ್ಕೂ ಸಂಬಂಧ ಇಲ್ಲ. ಕುದಿಯೂ ನೀರು, ಒಗೆದ ಬಟ್ಟಿ, ತೊಳೆದ ಕೈ. ನಿನ್ನಿ ಅವು ಇರಲಿಲ್ಲ, ಇವತ್ತ ಅದಾವ. ಅಷ್ಟೇ!"

ಎಲ್ಲರೂ ಕೈಕಟ್ಟಿ ಕೇಳಿದರು, ತಲೆದೂಗಿದರು. ಆಮೇಲೆ ದಿಲ್ಶಾದ್ ಬೇಗಂ ಮೆತ್ತಗೆ, "ಸಾಹೇಬ್, ನೀರು ಕುದಿಸಿದ್ದು ಯಾರ ಸಲುವಾಗಿ?" ಎಂದರು.

"ಯಾರ ಸಲುವಾಗಿ ಅಂದ್ರ... ಈ ನಾಗನಾಥ ನೋಡ್ತಾನಂತ."

"ಹಾಂ. ಇವ ನೋಡಿದ, ಹಾಲು ಉಳೀತು. ಇವ ನೋಡ್ಲಿಲ್ಲ, ಹಾಲು ಕೆಡ್ತು. ನೀವೂ ಅದೇ ಹೇಳಾಕತ್ತೀರಿ, ನಾನೂ ಅದೇ ಹೇಳಾಕತ್ತೀನಿ."

ಸಾಹೇಬರು ಪೆಟ್ಟಿಗೆ ಎತ್ತಿಕೊಂಡು ಹುಮನಾಬಾದಿನ ಬಸ್ಸಿಗೆ ನಡೆದರು.

ಮರುದಿನದಿಂದ ನಾಗನಾಥನ ದೆಸೆಯೇ ಬೇರೆಯಾಯಿತು. ಬೆಳಕು ಹರಿಯುತ್ತಲೇ ಬಾಗಿಲ ಮುಂದೆ ಮಂದಿ. "ನಾಗಣ್ಣಾ, ನಮ್ಮ ಹಾಲಿಗೂ ಒಂದೀಟು ಕಣ್ಣು ಹಾಕಿ ಹೋಗ್ರಿ." "ಮೊದಲ ನಮ್ಮನಿಗೆ, ಆಮ್ಯಾಲ ಅವರ ಮನಿಗೆ." ಮನೆಮನೆಯಲ್ಲಿ ಅವನಿಗೆ ಕೂರಲು ಪಾಟು, ಕೆನೆ ಹಾಕಿದ ಚಹಾ, ಚೂಡಾ. ಚೆನ್ನಾಗಿ ಉರಿಯಲೆಂದು ಹೊಸ ಸೀರೆ ತೋರಿಸುವರು, ಮಗನ ಮಾರ್ಕು ಹೇಳುವರು. ಗಿರಣಿಯವನನ್ನು "ಅಪ್ಪಾ, ಬಿಟ್ಟುಬಿಡು" ಎನ್ನುತ್ತಿದ್ದ ಗಲ್ಲಿ ಈಗ "ಅಪ್ಪಾ, ನೋಡು" ಎನ್ನತೊಡಗಿತು.

ನೆದರೇ ಶುಭವಾದ ಮೇಲೆ ಬೇವಿನ ನೀರು ಯಾರಿಗೆ ಬೇಕು? ಬಟ್ಟೆ ಕಟ್ಟಿದರೆ ನಾಗನಾಥನಿಗೆ ಹಾಲು ಹೇಗೆ ಕಾಣಬೇಕು? ಗಲ್ಲಿಯ ಒಲೆಗಳು ಆರಿದವು, ಬಟ್ಟೆಗಳು ಮೂಲೆ ಸೇರಿದವು, ಚರಿಗೆಗಳು ಅಗಲ ಬಾಯಿ ತೆರೆದು ಅವನ ದಾರಿ ಕಾದವು. ಮುಂದಿನ ಪರೀಕ್ಷೆಯಲ್ಲಿ ಎಲ್ಲರ ತಾಸೂ ಬಡಬಡ ಉರುಳಿದವು. ದತ್ತಾತ್ರಿಯದು ಒಂದು ತಾಸು.

ಗಲ್ಲಿ ನಾಗನಾಥನ ಮೇಲೆ ಬಿತ್ತು.

"ನೀ ಮನಸಿಟ್ಟು ಹೊಟ್ಟಿಕಿಚ್ಚು ಪಡವಲ್ಲಿ" ಎಂದ ಸಂಗಪ್ಪ. "ಚಹಾ ಕುಡೀತಿ, ಚೂಡಾ ತಿಂತಿ, ಕೆಲಸದಾಗ ಮೈಗಳ್ಳತನ!"

ನಾಗನಾಥನ ಕಣ್ಣಲ್ಲಿ ನೀರು. "ಸಂಗಪ್ಪಣ್ಣಾ, ದೇವರಾಣಿ, ಪ್ರಯತ್ನ ಮಾಡಾಕತ್ತೇನಿ. ನಿನ್ನಿ ಆ ಲಾಲ್ ಫ್ರಿಜ್ ಮುಂದ ಅರ್ಧಾ ತಾಸು ಕೂತಿದ್ದೆ. ಬರಾವಲ್ತು! ಇಷ್ಟ ಮಂದಿ ಹೀಂಗ ಪ್ರೀತೀಲೆ ಕರದ್ರ ಹೊಟ್ಟ್ಯಾಗ ಕಿಚ್ಚು ಹ್ಯಾಂಗ ಹತ್ತಬೇಕು?"

ಆ ಪಡಸಾಲೆಯಲ್ಲಿ ಕೊನೆಯ ನಳಿಗೆಯೊಂದು ಇನ್ನೂ ಬೆಚ್ಚನೆ ನೀರಿನಲ್ಲಿ ಉಳಿದಿತ್ತು. ಯಾರೂ ಅದರ ಕಡೆ ನೋಡಿರಲಿಲ್ಲ. ಸಾಹೇಬರು ಅದನ್ನು ಎತ್ತಿ ಹಿಡಿದರು. ಐದು ತಾಸು ದಾಟಿತ್ತು, ನೀಲಿ ಕದಲಿರಲಿಲ್ಲ. ಅದರ ಮೇಲಿನ ಹೆಸರು ಸಂಗಪ್ಪ ಎರಡು ಸಲ ಓದಿದ. ನಾಗನಾಥ.

ಆದದ್ದು ಇಷ್ಟೆ. ನಾಗನಾಥ ಮನೆಮನೆಯಲ್ಲಿ ಪಾಟಿನ ಮೇಲೆ ಕೂತು ಚಹಾ ಕುಡಿಯತೊಡಗಿದಂದಿನಿಂದ ಕಮಳಾಬಾಯಿ ಗೋಡೆಯ ಹತ್ತಿರ ನಿಂತು ವಿದ್ಯಾವತಿಗೆ, "ನಿಮ್ಮನಿಯವರಿಗೆ ಏನ ಮಾನ, ಏನ ಮರ್ಯಾದಿ! ನಮ್ಮನಿಯವರನ್ನ ಪಂಚರ ಹಾಕ್ಲಿಕ್ಕೆ ಬಿಟ್ಟು ಯಾರರೆ ಕರೀತಾರೇನು?" ಎಂದು ನಿಟ್ಟುಸಿರು ಬಿಡುತ್ತಿದ್ದಳು. ಆ ನಿಟ್ಟುಸಿರು ತನ್ನ ಸೆರಗಿಗೆ ತಾಕಿದ ದಿನವೇ ವಿದ್ಯಾವತಿ ಖಾಲಾ ಹತ್ತಿರ ಓಡಿದ್ದಳು. ಉಪ್ಪು, ಬೇವು, ಕುದಿನೀರು, ದಿನಾ ಒಗೆದ ಬಟ್ಟೆ. ಕೊಡಂಬಲದ ಎಮ್ಮೆಯ ಮೇಲೆ ಒಬ್ಬರ ಕಣ್ಣು ಬಿದ್ದದ್ದು ಅದೇ ಮೊದಲು.

ಸಾಹೇಬರು ವಿದ್ಯಾವತಿಯ ಚರಿಗೆಯ ಮೇಲಿನ ಬಿಳಿ ಬಟ್ಟೆಯನ್ನು ನೋಡಿದರು. ಭಾಷಣಕ್ಕೆಂದು ತೆರೆದ ಬಾಯನ್ನು ಮುಚ್ಚಿಕೊಂಡು, ಗಲ್ಲಿಯ ಕಡೆ ತಿರುಗಿ, "ಎಲ್ಲಾರೂ ಕೇಳ್ರಿ" ಎಂದರು. "ಈ ವಿದ್ಯಾವತಿಬಾಯಿ ನೆದರು ಭಾಳ ಖರಾಬ್ ಅದ ಅಂತ ಹುಮನಾಬಾದಿನಾಗೂ ಸುದ್ದಿ ಆಗ್ಯಾದ. ನಿಮ್ಮ ನಿಮ್ಮ ಚರಿಗಿ ನೀವು ನೋಡ್ಕೋರಿ."

ಅಂದು ಸಂಜೆಯೇ ಗಲ್ಲಿಯ ಒಲೆಗಳೆಲ್ಲ ಮತ್ತೆ ಹತ್ತಿದವು. ನಾಗನಾಥನನ್ನು ಚಹಾಕ್ಕೆ ಕರೆಯುವವರು ಯಾರೂ ಇಲ್ಲದಾದರು.

ಮರುದಿನ ಬೆಳಿಗ್ಗೆ ನನ್ನ ಹೆಂಡತಿ ವಿದ್ಯಾವತಿಯ ಹಿತ್ತಲಿಗೆ ಬೆರಣಿ ಕೇಳಲು ಹೋದಳು, ನಾನೂ ಹಿಂದೆ ಹೋದೆ. ವಿದ್ಯಾವತಿ ಹಾಲು ಕರೆಯುತ್ತಿದ್ದಳು. ಗೋಡೆಯ ಮೇಲೆ ಎರಡು ಮೊಣಕೈ, ಮೊಣಕೈಗಳ ನಡುವೆ ದತ್ತಾತ್ರಿಯ ಮುಖ. ರೆಪ್ಪೆ ಹೊಡೆಯದೆ ಚರಿಗೆಯನ್ನು ನೋಡುತ್ತಿದ್ದ. ಮೂಗಿನ ಹೊಳ್ಳೆ ಅರಳಿದ್ದವು, ಕಿವಿ ಕೆಂಡವಾಗಿದ್ದವು. ಈಚೆ ನಾಗನಾಥ ಕಣಿಕೆಯ ಸಿವುಡಿನ ಮೇಲೆ ಕೂತು ದತ್ತಾತ್ರಿಯನ್ನೇ ದಿಟ್ಟಿಸುತ್ತಿದ್ದ. ಮುಖ ಜೋತು ಬಿದ್ದಿತ್ತು.

"ಇನ್ನೇನು ಬೇಕ್ರಿ ನಿಮಗ?" ಎಂದಳು ವಿದ್ಯಾವತಿ. "ಎಮ್ಮಿ ಉಳೀತು, ನಾನೂ ಉಳದೆ, ಹಾಲು ನಮ್ಮದೇ ಮೊದಲಾತು. ಮಾರಿ ಯಾಕ ಹೀಂಗ?"

"ಅವನ್ನ ನೋಡೇ" ಎಂದ ನಾಗನಾಥ, ಧ್ವನಿ ತಗ್ಗಿಸಿ. "ಎಷ್ಟ ಜೋರ್ ಅದ ಅವನ ಹೊಟ್ಟಿಕಿಚ್ಚು! ನನಗ ಹುಟ್ಟಿದಾಗಿಂದ ಒಮ್ಮೆರೆ ಇಷ್ಟ ಛಲೋ ಬಂದಿತ್ತೇನು?"

ವಿದ್ಯಾವತಿ ಚರಿಗೆಯ ಬಾಯಿಗೆ ಇನ್ನೊಂದು ಬಟ್ಟೆ ಕಟ್ಟಿದಳು.